ಬಂದೂಕಿಲ್ಲದ ಮೇಜರ್ ಜನರಲ್: ಬಿಷಪ್ ಗ್ವಿನ್ ಮತ್ತು ಸೇನಾ ಪಾದ್ರಿಗಳ ಕೆಲಸ

'ಪಾದ್ರಿ' ಅನ್ನುವ ಪದ ಪೋರ್ಚುಗೀಸರ ಜೊತೆ ನಮ್ಮ ಕಡೆಗೆ ಬಂತು. ಬಂದದ್ದು ಇಲ್ಲೇ ಉಳಿದು, ಕನ್ನಡದ್ದೇ ಪದ ಅನ್ನುವಷ್ಟು ಬಳಕೆಯಾಯಿತು. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ಬಾಯಿಗೂ ಅದು ಹತ್ತಿತು. ಅವರು ಹಡಗು ಹತ್ತಿ ಎಲ್ಲೆಲ್ಲಿ ಯುದ್ಧಕ್ಕೆ ಹೋದರೋ ಅಲ್ಲಿಗೆಲ್ಲ ಪದವೂ ಹೋಯಿತು. ಇವತ್ತಿಗೂ ಬ್ರಿಟಿಷ್ ಸೇನೆಯಲ್ಲಿ ಸೈನಿಕ ತನ್ನ ಧರ್ಮಗುರುವನ್ನು ಕರೆಯುವುದು 'ಪಾದ್ರೆ' ಅಂತಲೇ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಈ ಕಡೆಯಿಂದ ಹೋದ ಇನ್ನೊಂದು ಪದವೂ ಓಡಾಡುತ್ತಿತ್ತು: 'ಬ್ಲೈಟಿ'. ಅದು 'ವಿಲಾಯತಿ'ಯ ಹರಕು ರೂಪ. ಬ್ಲೈಟಿ ಅಂದರೆ ಊರು, ಇಂಗ್ಲೆಂಡು. ಜೀವ ತೆಗೆಯದೆ ಊರಿಗೆ ಕಳಿಸುವಷ್ಟು ಮಾತ್ರ ಗಾಯವಾದರೆ, ಬ್ಲೈಟಿ ಸಿಕ್ಕಿತು ಅಂತ ಸೈನಿಕರು ಖುಷಿಪಡುತ್ತಿದ್ದರು.

ಬೆಂಗಳೂರಿನಲ್ಲಿ ಎಂ.ಜಿ. ರಸ್ತೆಯ ಪೂರ್ವದ ತುದಿಗೆ ಹೋದರೆ ಹೋಲಿ ಟ್ರಿನಿಟಿ ಚರ್ಚು ಕಾಣುತ್ತದೆ. ಟ್ರಿನಿಟಿ ಸರ್ಕಲ್ಲಿಗೆ ಹೆಸರು ಬಂದದ್ದು ಅದರಿಂದಲೇ. 1851ರಲ್ಲಿ ದಂಡಿನ ಸೈನಿಕರಿಗೆ ಅಂತ ಕಟ್ಟಿದ ಚರ್ಚು ಅದು. ಒಳಗೆ ಗೋಡೆಗಳ ಮೇಲೆ ಸತ್ತ ಅಧಿಕಾರಿಗಳ, ಪಲ್ಟನ್ನುಗಳ ಹೆಸರಿರುವ ಕಲ್ಲುಗಳಿವೆ. ಅವುಗಳನ್ನು ಓದುತ್ತಾ ನಿಂತಾಗ ನನಗೆ ಯಾವಾಗಲೂ ಒಂದೇ ಪ್ರಶ್ನೆ ಬರುತ್ತಿತ್ತು. ಕೊಲ್ಲಬೇಡ ಅಂತ ಕಲಿಸುವ ಧರ್ಮದ ಗುರುವಿಗೆ, ಕೊಲ್ಲುವುದೇ ಕೆಲಸವಾದ ಸೇನೆಯಲ್ಲಿ ಏನು ಕೆಲಸ? ಅವನು ಯಾರ ಮಾತು ಕೇಳಬೇಕು? ಗುಂಡು ಹಾರುವಾಗ ಎಲ್ಲಿ ನಿಂತಿರಬೇಕು?

ಈ ಪ್ರಶ್ನೆಗಳನ್ನು ಸುಮ್ನೆ ನಿಯಮಗಳ ಪುಸ್ತಕ ಇಟ್ಟುಕೊಂಡು ಬಿಡಿಸಲು ಹೋದರೆ ತಲೆ ಕೆಡುತ್ತದೆ. ಒಬ್ಬ ಮನುಷ್ಯನ ಬದುಕಿನ ಮೂಲಕ ನೋಡಿದರೆ ಬೇಗ ಅರ್ಥವಾಗುತ್ತದೆ. ಆ ಮನುಷ್ಯನ ಹೆಸರು ಲೆವೆಲಿನ್ ಹೆನ್ರಿ ಗ್ವಿನ್. ಆಫ್ರಿಕಾದ ಸುಡಾನಿನಲ್ಲಿ ಬಿಷಪ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಸೇನೆಯ ಅಷ್ಟೂ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಸಭೆಯ) ಪಾದ್ರಿಗಳ ಮೇಲಧಿಕಾರಿ. ದರ್ಜೆ ಮೇಜರ್ ಜನರಲ್. ಕೈಯಲ್ಲಿ ಆಯುಧ ಇಲ್ಲ.

ಗ್ವಿನ್ ಹುಟ್ಟಿದ್ದು 1863ರ ಜೂನಿನಲ್ಲಿ, ವೇಲ್ಸ್‌ನ ಸ್ವಾನ್ಸೀ ಪಟ್ಟಣದ ಹತ್ತಿರ. ತಂದೆ ಶಾಲೆಯ ಮೇಷ್ಟ್ರು. ಒಬ್ಬ ತಮ್ಮ ಮುಂದೆ ಲಂಡನ್ನಿನಲ್ಲಿ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಯ ಸಂಪಾದಕರಾದರು. ಗ್ವಿನ್ ಮಾತ್ರ ದೇವರ ಕೆಲಸಕ್ಕೆ ಹೊರಟರು. 1886ರಲ್ಲಿ ಡರ್ಬಿ ಊರಿನಲ್ಲಿ ಸಹಾಯಕ ಪಾದ್ರಿಯಾದರು. ಅಲ್ಲಿ ಅವರು ಡರ್ಬಿ ಕೌಂಟಿ ಫುಟ್ಬಾಲ್ ತಂಡಕ್ಕೂ ಆಡಿದ್ದರು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕಾರ್ಖಾನೆ ಊರಿನ ಹುಡುಗರ ಜೊತೆ ಮೈದಾನಕ್ಕಿಳಿದು ಒದ್ದಾಡಿದ ಮನುಷ್ಯನಿಗೆ, ಮುಂದೆ ಅದೇ ಹುಡುಗರು ಸೈನಿಕರಾಗಿ ಎದುರು ನಿಂತಾಗ ಮಾತಾಡಲು ಕಷ್ಟವಾಗಿರಲಿಕ್ಕಿಲ್ಲ.

ಡರ್ಬಿ ಆದ ಮೇಲೆ ನಾಟಿಂಗ್‌ಹ್ಯಾಮ್‌ನಲ್ಲಿ ಹತ್ತು ವರ್ಷ. 1899ರಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ ಸುಡಾನಿಗೆ. ಆಗಷ್ಟೇ ಅಲ್ಲಿ ದೊಡ್ಡ ಯುದ್ಧ ಮುಗಿದಿತ್ತು. 1885ರಲ್ಲಿ ಮಹದಿ ಎಂಬ ಸುಡಾನಿನ ಧಾರ್ಮಿಕ ನಾಯಕನ ಸೈನ್ಯ ಖಾರ್ಟೂಮ್ ಗೆದ್ದು, ಅಲ್ಲಿದ್ದ ಬ್ರಿಟಿಷ್ ಜನರಲ್ ಗಾರ್ಡನ್‌ನನ್ನು ಕೊಂದಿತ್ತು. 1898ರಲ್ಲಿ ಬ್ರಿಟಿಷ್ ಸೇನಾನಿ ಕಿಚನರ್ ಓಮ್‌ಡುರ್ಮಾನ್‌ನಲ್ಲಿ ಮಹದಿ ಕಟ್ಟಿದ್ದ ರಾಜ್ಯವನ್ನು ಸೋಲಿಸಿ ಖಾರ್ಟೂಮನ್ನು ವಾಪಸ್ ತೆಗೆದುಕೊಂಡಿದ್ದ. ಇಂಗ್ಲೆಂಡಿನ ಜನ ಗಾರ್ಡನ್‌ನನ್ನು ಹುತಾತ್ಮ ಅಂತ ನಂಬಿದ್ದರು. ಅವನ ಹೆಸರಿನಲ್ಲಿ ಸುಡಾನಿಗೆ ಮಿಷನ್ ಕಳಿಸಬೇಕು ಅಂತ ಹಣವನ್ನೂ ಕೂಡಿಸಿದ್ದರು.

ಆದರೆ ಗ್ವಿನ್ ಅಲ್ಲಿಗೆ ಹೋದ ಮೇಲೆ ಬಾಗಿಲೇ ಮುಚ್ಚಿತ್ತು. ಬಾಗಿಲು ಹಾಕಿದ್ದು ಬ್ರಿಟಿಷ್ ಸರ್ಕಾರವೇ. ಉತ್ತರ ಸುಡಾನಿನ ಮುಸ್ಲಿಮರ ನಡುವೆ ಮತಪ್ರಚಾರ ಮಾಡಿದರೆ ಮತ್ತೆ ದಂಗೆ ಎದ್ದೀತು ಎಂಬ ಭಯ ಅವರಿಗೆ. ಹಾಗಾಗಿ ಉಪದೇಶಕ್ಕೆ ತಡೆ. ಗ್ವಿನ್ ಮಾಡಬಹುದಾದ ಕೆಲಸ ಉಳಿದದ್ದು ಒಂದೇ. ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ, ನೌಕರರಿಗೆ ಪಾದ್ರಿಯಾಗುವುದು. ಬಂದದ್ದು ಮಿಷನರಿಯಾಗಿ, ನಿಂತದ್ದು ದಂಡಿನ ಪಾದ್ರಿಯಾಗಿ. ಅವರ ಬದುಕಿನ ದಿಕ್ಕು ತಿರುಗಿದ್ದು ಇಲ್ಲಿ ಅಂತ ನನಗನ್ನಿಸುತ್ತದೆ. ಹೇಳಬೇಕು ಅಂದುಕೊಂಡದ್ದನ್ನು ಹೇಳುವ ಹಾಗಿಲ್ಲ. ಜನರ ನಡುವೆ ಇರಬಹುದು, ಅಷ್ಟೆ. ಇದ್ದೇ ಏನಾದರೂ ಮಾಡಬೇಕು. ಫ್ರಾನ್ಸಿನ ಕಂದಕಗಳಲ್ಲಿ ಸಾವಿರಾರು ಪಾದ್ರಿಗಳು ಮುಂದೆ ಕಲಿಯಬೇಕಾಗಿದ್ದ ಪಾಠವನ್ನು ಗ್ವಿನ್ 15 ವರ್ಷ ಮೊದಲೇ ಕಲಿತಿದ್ದರು.

ಆಮೇಲೆ ನಿಧಾನವಾಗಿ ಜಾಗ ಸಿಕ್ಕಿತು. ಖಾರ್ಟೂಮಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. 1905ರಲ್ಲಿ ದಕ್ಷಿಣಕ್ಕೆ ಹೋಗಲು ಅನುಮತಿ ಸಿಕ್ಕಾಗ ಗ್ವಿನ್ ಮೊದಲ ತಂಡವನ್ನು ಕರೆದುಕೊಂಡು ನೈಲ್ ನದಿಯಲ್ಲಿ ಮೇಲಕ್ಕೆ ಹೋದರು. ಬೋರ್ ಹತ್ತಿರದ ಮಲೇಕ್ ಎಂಬಲ್ಲಿ, ಡಿಂಕಾ ಜನರ ನಾಡಿನಲ್ಲಿ, ಒಂದು ನೆಲೆ ಕಟ್ಟಿದರು. 1908ರಲ್ಲಿ ಅವರು ಖಾರ್ಟೂಮಿನ ಸಹಾಯಕ ಬಿಷಪ್ ಆದರು. 1912ರಲ್ಲಿ ಅಲ್ಲಿನ ಆಲ್ ಸೇಂಟ್ಸ್ ಕ್ಯಾಥೆಡ್ರಲ್, ಅಂದರೆ ಬಿಷಪ್‌ನ ಮುಖ್ಯ ಚರ್ಚು, ಪ್ರತಿಷ್ಠೆಯಾಯಿತು.

ಇಲ್ಲಿ ಸ್ವಲ್ಪ ನಿಂತು ಒಂದೆರಡು ಪದ ಬಿಡಿಸಿಕೊಳ್ಳೋಣ. ಆಂಗ್ಲಿಕನ್ ಸಭೆ ಅಂದರೆ ಚರ್ಚ್ ಆಫ್ ಇಂಗ್ಲೆಂಡ್ ಮತ್ತು ಅದರಿಂದ ಕವಲೊಡೆದ ಸಭೆಗಳು. ದಕ್ಷಿಣ ಭಾರತದ ಆಂಗ್ಲಿಕನ್ ಸಭೆಗಳು 1947ರಲ್ಲಿ ಬೇರೆ ಸಭೆಗಳ ಜೊತೆ ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದವು. ಟ್ರಿನಿಟಿ ಚರ್ಚು ಈಗ ಸಿಎಸ್‌ಐಗೆ ಸೇರಿದ್ದು. ಬಿಷಪ್ ಅಂದರೆ ಒಂದು ಪ್ರಾಂತದ ಎಲ್ಲಾ ಪಾದ್ರಿಗಳ ಮೇಲ್ವಿಚಾರಕ. ಹೊಸಬರಿಗೆ ಪಾದ್ರಿ ದೀಕ್ಷೆ ಕೊಡುವ ಅಧಿಕಾರ ಬಿಷಪ್‌ಗೆ ಮಾತ್ರ. ಇಂಗ್ಲೆಂಡಿನಲ್ಲಿ ಈ ಸಭೆ ಸರ್ಕಾರದ ಅಧಿಕೃತ ಸಭೆ, ರಾಜನೇ ಅದರ ಮುಖ್ಯಸ್ಥ. ಹಾಗಾಗಿ ಸೇನೆಗೂ ಅದಕ್ಕೂ ನಂಟು ಹಳೆಯದು. 1796ರವರೆಗೆ ಒಂದೊಂದು ರೆಜಿಮೆಂಟಿಗೆ ಒಬ್ಬೊಬ್ಬ ಪಾದ್ರಿ ಅಂತ ಲೆಕ್ಕ ಇತ್ತು. ಲೆಕ್ಕ ಮಾತ್ರ. ಎಷ್ಟೋ ಜನ ಸಂಬಳ ತಗೊಂಡು ಮನೆಯಲ್ಲೇ ಇರುತ್ತಿದ್ದರು. ಆ ಕಾಟ ತಾಳಲಾರದೆ ಆ ವರ್ಷ ಸೇನೆ ಪಾದ್ರಿಗಳದ್ದೇ ಒಂದು ಇಲಾಖೆ ಮಾಡಿತು.

ಇನ್ನು ದರ್ಜೆಯ ವಿಷಯ. ಬ್ರಿಟಿಷ್ ಸೇನೆಯ ಪಾದ್ರಿ ಅಧಿಕಾರಿಯೇ. ನಾಲ್ಕನೇ ವರ್ಗದ ಪಾದ್ರಿ ಕ್ಯಾಪ್ಟನ್‌ಗೆ ಸಮ. ಮೂರನೇ ವರ್ಗ ಮೇಜರ್, ಎರಡನೇದು ಲೆಫ್ಟಿನೆಂಟ್ ಕರ್ನಲ್, ಮೊದಲನೇದು ಕರ್ನಲ್. ಎಲ್ಲರ ಮೇಲೆ ಚಾಪ್ಲೇನ್ ಜನರಲ್, ಅಂದರೆ ಮುಖ್ಯ ಸೇನಾ ಪಾದ್ರಿ. ಹೆಗಲ ಮೇಲೆ ಪಟ್ಟಿ ಇರುತ್ತದೆ, ಸೈನಿಕರು ಸಲ್ಯೂಟ್ ಹೊಡೆಯುತ್ತಾರೆ. ಆದರೆ ಪಾದ್ರಿ ಒಬ್ಬ ಸಿಪಾಯಿಗೂ 'ಗುಂಡು ಹಾರಿಸು' ಅಂತ ಆಜ್ಞೆ ಕೊಡುವಂತಿಲ್ಲ. ನೌಕಾಪಡೆಯ ಪದ್ಧತಿ ಬೇರೆ, ನನಗೆ ಅದೇ ಜಾಸ್ತಿ ಇಷ್ಟ. ಅಲ್ಲಿ ಪಾದ್ರಿಗೆ ದರ್ಜೆಯೇ ಇಲ್ಲ. ಯಾರ ಜೊತೆ ಮಾತಾಡುತ್ತಾನೋ ಆ ಹೊತ್ತಿಗೆ ಅವರ ದರ್ಜೆಯೇ ಅವನದೂ. ಅಡ್ಮಿರಲ್ ಜೊತೆ ಅಡ್ಮಿರಲ್, ಹಡಗಿನ ಅಡುಗೆಯವನ ಜೊತೆ ಅಡುಗೆಯವನು. ನಮ್ಮ ಭಾರತೀಯ ಸೇನೆ ಮೂರನೇ ದಾರಿ ಹಿಡಿದಿದೆ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲರನ್ನೂ 'ಧರ್ಮಗುರು' ಅಂತ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆಯಲ್ಲಿ ಸೇರಿಸಿಕೊಳ್ಳುತ್ತದೆ.

ಆಯುಧದ ಮಾತು. 1864ರ ಮೊದಲ ಜಿನೀವಾ ಒಪ್ಪಂದದಲ್ಲೇ ಪಾದ್ರಿಗಳನ್ನು ವೈದ್ಯರ ಜೊತೆ ಒಂದೇ ಸಾಲಿಗೆ ಸೇರಿಸಿ, ಅವರ ಮೇಲೆ ದಾಳಿ ಮಾಡಬಾರದು ಎಂದು ಒಪ್ಪಿಕೊಳ್ಳಲಾಗಿತ್ತು. 1949ರ ಒಪ್ಪಂದದ ಪ್ರಕಾರ ಶತ್ರುವಿನ ಕೈಗೆ ಸಿಕ್ಕರೂ ಪಾದ್ರಿ ಯುದ್ಧಕೈದಿ ಅಲ್ಲ. ಸೆರೆಯಲ್ಲಿರುವ ತನ್ನವರ ಸೇವೆ ಮಾಡಲು ಅಲ್ಲಿ ಇರಿಸಿಕೊಂಡವನು, ಅಷ್ಟೆ. ಈ ರಕ್ಷಣೆ ಸುಮ್ಮನೆ ಸಿಗುವುದಿಲ್ಲ. ಅವನು ಹೋರಾಡದೆ ಇದ್ದರೆ ಮಾತ್ರ ಉಂಟು.

ಈಗ 1914ಕ್ಕೆ ಬರೋಣ. ಆಗಸ್ಟ್ ತಿಂಗಳಲ್ಲಿ ಯುದ್ಧ ಶುರುವಾದಾಗ ಗ್ವಿನ್ ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದರು. ವಯಸ್ಸು 51. ಬಿಷಪ್ ಪದವಿ ಬೇರೆ. ವಾಪಸ್ ಖಾರ್ಟೂಮಿಗೆ ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಸಾಮಾನ್ಯ ಸೇನಾ ಪಾದ್ರಿಯಾಗಿ ಫ್ರಾನ್ಸಿಗೆ ಹೊರಟರು. ಬಿಷಪ್ ಒಬ್ಬರು ಗಾಯಾಳುಗಳ ಡೇರೆಯಲ್ಲಿ ಎಲ್ಲರಂತೆ ಓಡಾಡಿಕೊಂಡಿದ್ದರು.

ಆಗ ಇಡೀ ಬ್ರಿಟಿಷ್ ಸೇನೆಯಲ್ಲಿದ್ದ ಪಾದ್ರಿಗಳು 117 ಜನ. ಅವರಲ್ಲಿ ಆಂಗ್ಲಿಕನ್ನರು 89. ಯುದ್ಧ ಮುಗಿಯುವ ಹೊತ್ತಿಗೆ ಎಲ್ಲಾ ಸಭೆಗಳವರೂ ಸೇರಿ 3,400ಕ್ಕೂ ಹೆಚ್ಚಾದರು. ಆಂಗ್ಲಿಕನ್ನರೇ ಸುಮಾರು 2,000. ಇಷ್ಟು ವೇಗವಾಗಿ ಬೆಳೆದ ಇಲಾಖೆಯಲ್ಲಿ ಏನೆಲ್ಲ ಗೊಂದಲ ಆಗಿರಬೇಕು ಅಂತ ನೀವೇ ಊಹಿಸಿ. ನಿನ್ನೆಯವರೆಗೆ ಹಳ್ಳಿಯ ಚರ್ಚಿನಲ್ಲಿ ಮದುವೆ, ನಾಮಕರಣ ಮಾಡಿಸುತ್ತಿದ್ದವರು. ಇವತ್ತು ಬೂಟು, ಟೊಪ್ಪಿ ಕೊಟ್ಟು ಹಡಗು ಹತ್ತಿಸಿದ್ದಾರೆ. ಅಲ್ಲಿ ಹೋಗಿ ಏನು ಮಾಡಬೇಕು ಅಂತ ಹೇಳಿಕೊಟ್ಟವರಿಲ್ಲ.

ಅದರ ಮೇಲೆ ಸಭೆಯ ಒಳಜಗಳ. ಆಂಗ್ಲಿಕನ್ನರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಪೂಜೆ, ಸಂಸ್ಕಾರ, ಪಾಪನಿವೇದನೆ ಮುಖ್ಯ. ಇನ್ನೊಂದಕ್ಕೆ ಬೈಬಲ್ಲು, ಉಪದೇಶ, ಮನಸ್ಸಿನ ಪರಿವರ್ತನೆ ಮುಖ್ಯ. ಲಂಡನ್ನಿನಲ್ಲಿದ್ದ ಚಾಪ್ಲೇನ್ ಜನರಲ್ ಬಿಷಪ್ ಟೇಲರ್ ಸ್ಮಿತ್ ಎರಡನೇ ಪಂಗಡದವರು. ಸೇನೆಗೆ ಸೇರಲು ಬಂದ ಪಾದ್ರಿಗಳಿಗೆ ಅವರು ಒಂದೇ ಪ್ರಶ್ನೆ ಹಾಕುತ್ತಿದ್ದರು ಅನ್ನುವ ಮಾತಿದೆ: 'ಸಾಯಲು ಹತ್ತೇ ನಿಮಿಷ ಉಳಿದಿರುವ ಗಾಯಾಳುವಿಗೆ ಏನು ಹೇಳುತ್ತೀರಿ?' ಇಷ್ಟವಾದ ಉತ್ತರ ಬಾರದಿದ್ದರೆ ಅರ್ಜಿ ಬಿದ್ದುಹೋಗುತ್ತಿತ್ತು ಅಂತ ಮೊದಲ ಪಂಗಡದವರ ದೂರು. ಫ್ರಾನ್ಸಿನಲ್ಲಿ ಇನ್ನೊಂದು ತಕರಾರು. ಅಲ್ಲಿ ಎಲ್ಲಾ ಪಾದ್ರಿಗಳ ಮುಖ್ಯಸ್ಥರಾಗಿದ್ದವರು ಸಿಮ್ಸ್ ಎಂಬ ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಗುರು. ಒಳ್ಳೆಯವರೇ. ಆದರೆ ಬಹುಪಾಲು ಸೈನಿಕರು ಆಂಗ್ಲಿಕನ್ನರಾಗಿರುವಾಗ ಅವರ ಪಾದ್ರಿಗಳ ಮೇಲೆ ಬೇರೆ ಸಭೆಯವರು ಯಾಕೆ ಅಂತ ಗೊಣಗಾಟ.

1915ರ ಜುಲೈನಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಆಂಗ್ಲಿಕನ್ ಪಾದ್ರಿಗಳನ್ನು ಬೇರೆ ಮಾಡಿ, ಅವರ ಮೇಲೆ 'ಉಪ ಚಾಪ್ಲೇನ್ ಜನರಲ್' ಎಂಬ ಹೊಸ ಹುದ್ದೆ ತೆರೆದರು. ಅದಕ್ಕೆ ಮೇಜರ್ ಜನರಲ್ ದರ್ಜೆ. ಕೂರಿಸಿದ್ದು ಗ್ವಿನ್‌ರನ್ನು. ಅವರೂ ಎರಡನೇ ಪಂಗಡದಿಂದಲೇ ಬಂದವರು. ಆದರೆ ಪಂಗಡ ನೋಡಿ ಕೆಲಸ ಹಂಚಲಿಲ್ಲ. ಆ ನಂಬಿಕೆ ಎರಡೂ ಕಡೆಯವರಿಗೆ ಇತ್ತು.

ಇಲ್ಲಿಂದ ವಿಷಯದ ಮುಖ್ಯ ಭಾಗ ಶುರು. ಗಾಯಾಳು ಸೈನಿಕ ಹೇಗೆ ಹಿಂದಕ್ಕೆ ಬರುತ್ತಿದ್ದ ಅಂತ ಮೊದಲು ತಿಳಿದುಕೊಳ್ಳಬೇಕು. ಕಂದಕದ ಹಿಂದೆಯೇ, ಒಂದು ನೆಲಮಾಳಿಗೆಯಲ್ಲೋ ಗುಂಡಿಯಲ್ಲೋ ಬೆಟಾಲಿಯನ್ನಿನ ಡಾಕ್ಟರು ಇರುತ್ತಿದ್ದರು. ಗಾಯಕ್ಕೆ ಮೊದಲ ಪಟ್ಟಿ ಬೀಳುತ್ತಿದ್ದದ್ದು ಅಲ್ಲಿ. ಅಲ್ಲಿಂದ ಸ್ಟ್ರೆಚರ್ ಮೇಲೆ ಹೊತ್ತು ಹಿಂದಿನ ಡ್ರೆಸ್ಸಿಂಗ್ ಸ್ಟೇಷನ್ನಿಗೆ. ಅಲ್ಲಿಂದ ಗಾಡಿಯಲ್ಲಿ ಇನ್ನೂ ಹಿಂದಿನ ದೊಡ್ಡ ಡೇರೆ ಆಸ್ಪತ್ರೆಗೆ. ಕೊನೆಗೆ ರೈಲಿನಲ್ಲಿ ಸಮುದ್ರದ ದಡದ ಆಸ್ಪತ್ರೆಗೆ. ಯುದ್ಧ ಶುರುವಾದಾಗ ಪಾದ್ರಿಗಳಿಗೆ ಇದ್ದ ಆದೇಶ: ಹಿಂದೆಯೇ ಇರಿ. ಕಂದಕಕ್ಕೆ ಹೋದರೆ ಕಾದಾಡುವವರಿಗೆ ಅಡ್ಡವಾಗುತ್ತೀರಿ, ಸತ್ತರೆ ಹೂಳಲು ಬೇರೆ ಪಾದ್ರಿ ಬೇಕು.

ಸೇನೆಯ ತರ್ಕ ಅದು, ತಪ್ಪು ಅಂತಲೂ ಹೇಳಲಾಗದು. ಆದರೆ ಕಂದಕದಲ್ಲಿ ಕೂತವನ ಕಣ್ಣಿಗೆ ಅದು ಹೇಗೆ ಕಾಣುತ್ತಿತ್ತು? ಭಾನುವಾರ ಕವಾಯತು ಮಾಡಿಸಿ ಸಾಲಾಗಿ ನಿಲ್ಲಿಸುತ್ತಾರೆ. ಪಾದ್ರಿ ಬಂದು ಧೈರ್ಯದ ಬಗ್ಗೆ ಉಪದೇಶ ಮಾಡುತ್ತಾನೆ. ಸೋಮವಾರ ಸೈನಿಕ ಮುಂದಕ್ಕೆ ಹೋಗುತ್ತಾನೆ, ಪಾದ್ರಿ ಹಿಂದೆ ಉಳಿಯುತ್ತಾನೆ. ಯುದ್ಧದ ಮೇಲೆ ಬಂದ ಕೆಲವು ಅನುಭವ ಕಥನಗಳಲ್ಲಿ ಆಂಗ್ಲಿಕನ್ ಪಾದ್ರಿಗಳ ಬಗ್ಗೆ ಕಹಿ ಮಾತುಗಳಿರುವುದು ಇದಕ್ಕೇ. ಸಾಯುವವನಿಗೆ ಕೊನೆಯ ಸಂಸ್ಕಾರ ಕೊಡುವುದು ಕ್ಯಾಥೊಲಿಕ್ ಪಾದ್ರಿಯ ಕರ್ತವ್ಯ. ಹಾಗಾಗಿ ಅವನು ಮುಂದೆ ಹೋಗಲು ಕಾರಣ ಇತ್ತು. ಆಂಗ್ಲಿಕನ್ ಪಾದ್ರಿಗೆ ಅಂಥ ಸ್ಪಷ್ಟ ಕಾರಣ ಕಾಣುತ್ತಿರಲಿಲ್ಲ.

ಈ ಆದೇಶ ಸಡಿಲವಾಗಬೇಕು ಅಂತ ಗ್ವಿನ್ ಮತ್ತು ಅವರ ಜೊತೆಯ ಹಿರಿಯ ಪಾದ್ರಿಗಳು ಬಯಸಿದರು. 1916ರ ಹೊತ್ತಿಗೆ ತಡೆ ಸಡಿಲವಾಗಿತ್ತು. ಪಾದ್ರಿ ತನ್ನ ಬೆಟಾಲಿಯನ್ನಿನ ಜೊತೆ ಮುಂದೆ ಹೋಗಬಹುದು, ದಾಳಿಯ ದಿನ ಡಾಕ್ಟರ ಹತ್ತಿರ ನಿಲ್ಲಬಹುದು. ಆ ವರ್ಷದ ಜುಲೈ 1ರಂದು ಸೋಮ್ ಯುದ್ಧ ಶುರುವಾಯಿತು. ಒಂದೇ ದಿನದಲ್ಲಿ ಸತ್ತ ಬ್ರಿಟಿಷ್ ಸೈನಿಕರು 19,240. ಡಾಕ್ಟರ ಮುಂದೆ ಸಾಲುಗಟ್ಟಿ ಮಲಗಿಸಿದ್ದವರಲ್ಲಿ ಬದುಕುವ ಲಕ್ಷಣ ಇಲ್ಲದವರನ್ನು ಒಂದು ಪಕ್ಕಕ್ಕೆ ಇಡಬೇಕಾಗುತ್ತಿತ್ತು. ಡಾಕ್ಟರಿಗೆ ಅವರ ಹತ್ತಿರ ಕೂರಲು ಪುರಸೊತ್ತಿಲ್ಲ. ಆ ಪಕ್ಕದಲ್ಲಿ ಕೂರುವುದು ಪಾದ್ರಿಯ ಕೆಲಸವಾಯಿತು. ಬಾಯಿಗೆ ನೀರು ಹನಿಸುವುದು, ಸಿಗರೇಟು ಹಚ್ಚಿ ತುಟಿಗಿಡುವುದು, ತಾಯಿಯ ವಿಳಾಸ ಬರೆದುಕೊಳ್ಳುವುದು.

ಆಮೇಲೆ ಆ ತಾಯಿಗೆ ಕಾಗದ ಬರೆಯಬೇಕು. ಎಷ್ಟು ಸತ್ಯ ಹೇಳಬೇಕು, ಎಷ್ಟು ಬಿಡಬೇಕು? ಒಂದು ದಾಳಿ ಆದ ವಾರದಲ್ಲಿ ಇಂಥ ಕಾಗದ ರಾಶಿ ಬೀಳುತ್ತಿದ್ದವು. ಹೆಣ ಹೂಳುವುದು, ಗೋರಿಯ ಮೇಲೆ ಹೆಸರಿನ ಶಿಲುಬೆ ನೆಡುವುದು, ಆ ಜಾಗದ ವಿವರವನ್ನು ಗೋರಿಗಳ ಲೆಕ್ಕ ಇಡುವವರಿಗೆ ಕಳಿಸುವುದು, ಇದೂ ಪಾದ್ರಿಯ ಪಾಲಿಗೇ. ಡೇವಿಡ್ ರೇಲ್ಟನ್ ಎಂಬ ಪಾದ್ರಿ 1916ರಲ್ಲಿ ಆರ್ಮೆಂಟಿಯರ್ ಊರಿನ ಹತ್ತಿರ ಒಂದು ಮನೆಯ ಹಿತ್ತಲಲ್ಲಿ ಒಂಟಿ ಗೋರಿ ನೋಡಿದರು. ಒರಟು ಮರದ ಶಿಲುಬೆಯ ಮೇಲೆ ಪೆನ್ಸಿಲ್ಲಿನಲ್ಲಿ 'ಗುರುತಿಲ್ಲದ ಬ್ರಿಟಿಷ್ ಸೈನಿಕ' ಎಂದು ಬರೆದಿತ್ತು. ಆ ಪೆನ್ಸಿಲ್ ಬರಹ ಅವರನ್ನು ಬಿಡಲಿಲ್ಲ. 1920ರಲ್ಲಿ ಅವರು ವೆಸ್ಟ್‌ಮಿನ್‌ಸ್ಟರ್ ಆಬಿಯ ಹಿರಿಯ ಗುರುವಿಗೆ ಕಾಗದ ಬರೆದರು. ಹೆಸರು ಗೊತ್ತಿಲ್ಲದ ಒಬ್ಬ ಸೈನಿಕನನ್ನು ತಂದು ರಾಜರ ಪಕ್ಕ ಮಲಗಿಸೋಣ ಅಂತ ಕೇಳಿದರು. ಅದೇ ವರ್ಷ ನವೆಂಬರ್ 11ರಂದು ಹಾಗೆಯೇ ಆಯಿತು. 'ಅಜ್ಞಾತ ಯೋಧ'ನ ಸಮಾಧಿಯ ಹಿಂದೆ ಇರುವುದು ಒಬ್ಬ ಸೇನಾ ಪಾದ್ರಿಯ ಕಾಗದ.

ಗ್ವಿನ್ ಕೈಕೆಳಗಿನ ಪಾದ್ರಿಗಳಲ್ಲಿ ಇನ್ನಿಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ.

ಒಬ್ಬರು ಜೆಫ್ರಿ ಸ್ಟಡರ್ಟ್ ಕೆನಡಿ. ರುಆನ್ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಮುಂಚೂಣಿಗೆ ಹೊರಟ ರೈಲಿನ ಕಿಟಕಿ ಕಿಟಕಿಗೂ ಹೋಗಿ ವುಡ್‌ಬೈನ್ ಸಿಗರೇಟು ಹಂಚುತ್ತಿದ್ದರು. ಹಾಗಾಗಿ 'ವುಡ್‌ಬೈನ್ ವಿಲ್ಲಿ' ಅನ್ನುವ ಅಡ್ಡಹೆಸರು. ಇನ್ನೊಬ್ಬರು ಥಿಯೊಡೋರ್ ಬೇಲಿ ಹಾರ್ಡಿ. ಹಾರ್ಡಿಯೂ ಗ್ವಿನ್‌ರಂತೆ 1863ರಲ್ಲೇ ಹುಟ್ಟಿದವರು. ಮೇಷ್ಟ್ರಾಗಿದ್ದು ಆಮೇಲೆ ಹಳ್ಳಿಯ ಪಾದ್ರಿಯಾದವರು. 1914ರಲ್ಲಿ ಹೆಂಡತಿ ತೀರಿಕೊಂಡಿದ್ದರು. ಸೇನೆಗೆ ಅರ್ಜಿ ಹಾಕಿದರೆ ವಯಸ್ಸಾಯಿತು ಅಂತ ಮತ್ತೆ ಮತ್ತೆ ತಿರಸ್ಕಾರ. ಕೊನೆಗೆ 1916ರಲ್ಲಿ, 52 ದಾಟಿದ ಮೇಲೆ, ಫ್ರಾನ್ಸಿಗೆ ಬಂದರು. ಮುಂದೆ ಹೋದಾಗ ಏನು ಮಾಡಬೇಕು ಅಂತ ತಮಗಿಂತ 20 ವರ್ಷ ಚಿಕ್ಕವರಾದ ಕೆನಡಿಯನ್ನು ಕೇಳಿದರು. ಕೆನಡಿ ಹೇಳಿದ್ದರ ಸಾರ ಇಷ್ಟು: ಹುಡುಗರ ಜೊತೆ ಬದುಕಿ, ಅವರು ಹೋದ ಕಡೆಗೆಲ್ಲ ಹೋಗಿ, ಸಾವು ಎಲ್ಲಿ ಹೆಚ್ಚೋ ಅಲ್ಲೇ ಪಾದ್ರಿಯ ಜಾಗ.

ಹಾರ್ಡಿ ಆ ಮಾತನ್ನು ಅಕ್ಷರಶಃ ನಡೆಸಿದರು. ಕತ್ತಲಲ್ಲಿ ಕಂದಕದ ಕೊನೆಯ ಕಾವಲಿನವರೆಗೂ ತೆವಳಿಕೊಂಡು ಬರುತ್ತಿದ್ದರು. ಜೇಬಿನ ತುಂಬ ಸಿಗರೇಟು, ಮಿಠಾಯಿ. ಕಾವಲುಗಾರ ಬೆಚ್ಚಿಬೀಳಬಾರದಲ್ವಾ, ಅದಕ್ಕೆ ಮೆಲ್ಲಗೆ 'ನಾನೇ, ಬೇರೆ ಯಾರೂ ಅಲ್ಲ' ಅನ್ನುತ್ತಿದ್ದರು. ಆ ಮಾತು ಲಿಂಕನ್‌ಷೈರ್ ರೆಜಿಮೆಂಟಿನ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು. ಒಮ್ಮೆ ಮಣಿಕಟ್ಟು ಮುರಿದಿದ್ದಾಗಲೇ, ಕೆಸರಿನಲ್ಲಿ ಹೂತುಹೋದವರನ್ನು ಎಳೆದು ತರಲು ಗುಂಡಿನ ಮಳೆಯ ನಡುವೆ ಹೋದರು. 1918ರ ಏಪ್ರಿಲ್‌ನಲ್ಲಿ ಶತ್ರು ಕಾವಲಿನಿಂದ ಹತ್ತು ಗಜ ದೂರದಲ್ಲಿ ಬಿದ್ದಿದ್ದ ಗಾಯಾಳುವಿನ ಪಕ್ಕ ಹೋಗಿ ಕೂತರು. ಕತ್ತಲಾದ ಮೇಲೆ ಒಬ್ಬ ಸಾರ್ಜೆಂಟ್ ಜೊತೆ ಸೇರಿ ಅವನನ್ನು ಎತ್ತಿ ತಂದರು. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅದಕ್ಕೂ ಮೊದಲೇ ಡಿಎಸ್‌ಒ, ಎಂಸಿ ಎಂಬ ಇನ್ನೆರಡು ಶೌರ್ಯ ಪದಕಗಳೂ ಬಂದಿದ್ದವು. ಆ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೂವರು ಬ್ರಿಟಿಷ್ ಪಾದ್ರಿಗಳಲ್ಲಿ ಅವರೊಬ್ಬರು.

ಇಂಥವರನ್ನು ಕಳೆದುಕೊಳ್ಳಬಾರದು ಅಂತ ಹಿಂದಿನ ಕೆಲಸಕ್ಕೆ ಕರೆಸಲು ಪ್ರಯತ್ನ ನಡೆಯಿತು. ಹಾರ್ಡಿ ಒಪ್ಪಲಿಲ್ಲ. ಅಕ್ಟೋಬರ್‌ನಲ್ಲಿ ಒಂದು ನದಿ ದಾಟುವಾಗ ಗುಂಡು ತಗುಲಿತು. 18ನೇ ತಾರೀಕು ರುಆನ್‌ನಲ್ಲಿ ತೀರಿಕೊಂಡರು. ಎರಡು ದಿನ ಕಳೆದಿದ್ದರೆ 55 ತುಂಬುತ್ತಿತ್ತು. ಯುದ್ಧ ನಿಲ್ಲಲು ಇನ್ನು 24 ದಿನ ಬಾಕಿ. ಮುಂದೆ ಹೋಗಲು ದಾರಿ ಬಿಟ್ಟ ಮೇಲಧಿಕಾರಿಯ ಮನಸ್ಸಿಗೆ ಈ ಸುದ್ದಿ ಹೇಗಿದ್ದೀತು ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. ಎಲ್ಲಾ ಸಭೆಗಳ ಲೆಕ್ಕ ಹಿಡಿದರೆ ಆ ಯುದ್ಧದಲ್ಲಿ ಸತ್ತ ಬ್ರಿಟಿಷ್ ಪಾದ್ರಿಗಳು 170ಕ್ಕೂ ಹೆಚ್ಚು.

ದಣಿದ ಪಾದ್ರಿಗಳಿಗೆ ಉಸಿರಾಡಲು ಒಂದು ಜಾಗ ಬೇಕು ಅಂತ ಗ್ವಿನ್‌ಗೆ ಅರ್ಥವಾಗಿತ್ತು. 1917ರಲ್ಲಿ ಸೇಂಟ್ ಓಮೇರ್ ಊರಿನಲ್ಲಿ ಪಾದ್ರಿಗಳದ್ದೇ ಒಂದು ಶಾಲೆ ತೆರೆಸಿದರು. ನಡೆಸಿದವರು ಬಿ.ಕೆ. ಕನ್ನಿಂಗ್‌ಹ್ಯಾಮ್, ಕಿವಿ ಸರಿಯಾಗಿ ಕೇಳದ ಗುರು. ಕೆಲವು ದಿನ ಅಲ್ಲಿ ಬಂದು ಇರುವುದು. ನಿದ್ದೆ, ಪ್ರಾರ್ಥನೆ, ಮೌನ, ಒಂದಿಷ್ಟು ಪಾಠ. ಮತ್ತೆ ವಾಪಸ್. ಬೆಲ್ಜಿಯಂನ ಪೊಪೆರಿಂಗ್‌ನಲ್ಲಿ 1915ರ ಕೊನೆಗೆ ಟಬ್ಬಿ ಕ್ಲೇಟನ್ ಎಂಬ ಪಾದ್ರಿ ತೆರೆದ ಟಾಲ್ಬಟ್ ಹೌಸ್ ಸೈನಿಕರಿಗೆ ಅಂಥದ್ದೇ ಜಾಗ. ಅಲ್ಲಿ ಸಿಪಾಯಿ, ಅಧಿಕಾರಿ ಭೇದ ಇರಲಿಲ್ಲ. ಮೇಲಿನ ಅಟ್ಟದಲ್ಲಿ ಬಡಗಿಯ ಮೇಜನ್ನೇ ಬಲಿಪೀಠ ಮಾಡಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟದ ಭಾಗವನ್ನೂ ಹೇಳಲೇಬೇಕು. ಪಾದ್ರಿ ಕೊನೆಗೆ ಯಾರ ಪರ? ಸೇನಾಧಿಪತಿ ಹೇಗ್ ಪಾದ್ರಿಗಳಿಗೆ ಬೆಲೆ ಕೊಟ್ಟವರು. ಆದರೆ ನಮ್ಮ ಯುದ್ಧ ನ್ಯಾಯದ್ದು ಅಂತ ಪಾದ್ರಿಗಳು ಸೈನಿಕರಿಗೆ ಮನದಟ್ಟು ಮಾಡಬೇಕು ಅಂತಲೂ ಬಯಸಿದವರು. ಗ್ವಿನ್ ಸ್ವತಃ ಈ ಯುದ್ಧ ನ್ಯಾಯದ್ದು ಎಂದೇ ನಂಬಿದ್ದರು. ಹಾಗಾಗಿ ಅವರಿಗೂ ಸೇನೆಗೂ ಈ ವಿಷಯದಲ್ಲಿ ಜಗಳ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅಂತ ಓದುವಾಗ ನನಗೆ ಅನ್ನಿಸಿದ್ದುಂಟು. ಯುದ್ಧ ಮುಗಿದ ಮೇಲೆ ಕೆನಡಿಯಂಥವರು ಯುದ್ಧವನ್ನೇ ಖಂಡಿಸಿ ಮಾತಾಡಿದರು.

ಈ ಇಕ್ಕಟ್ಟು ಎದ್ದು ಕಾಣುತ್ತಿದ್ದದ್ದು ಮರಣದಂಡನೆಯ ಹಿಂದಿನ ರಾತ್ರಿ. ಓಡಿಹೋದ, ಹೆದರಿ ಹಿಂದೆ ಸರಿದ ಸೈನಿಕರಿಗೆ ಸೇನಾ ನ್ಯಾಯಾಲಯ ಸಾವಿನ ಶಿಕ್ಷೆ ಕೊಡುತ್ತಿತ್ತು. ಕೊಲೆಯಂಥ ಬೇರೆ ಅಪರಾಧಗಳೂ ಸೇರಿ 3,000ಕ್ಕೂ ಹೆಚ್ಚು ಜನರಿಗೆ ಆ ತೀರ್ಪು ಬಂತು. ಹತ್ತರಲ್ಲಿ ಒಂಬತ್ತು ರದ್ದಾದವು. 346 ಜನರನ್ನು ಕೊಂದರು. ಬೆಳಗಿನ ಜಾವ ಕಂಬಕ್ಕೆ ಕಟ್ಟಿ, ಎದೆಯ ಮೇಲೆ ಬಿಳಿ ಬಟ್ಟೆಯ ತುಂಡು ಗುರುತಿಟ್ಟು, ಅವನದೇ ಕಡೆಯ ಸೈನಿಕರು ಗುಂಡು ಹಾರಿಸಬೇಕು. ಆ ರಾತ್ರಿಯೆಲ್ಲ ಅವನ ಜೊತೆ ಕೂರುವವರು ಪಾದ್ರಿ. ಅವನ ಕಾಗದ ಬರೆದುಕೊಡುವುದು, ಅವನಿಗೆ ಬೇಕಿದ್ದರೆ ಪ್ರಾರ್ಥನೆ, ಬೇಡವಾದರೆ ಸುಮ್ಮನೆ ಕೂರುವುದು. ಬೆಳಿಗ್ಗೆ ಕಂಬದವರೆಗೆ ಜೊತೆಗೆ ನಡೆಯುವುದು. ತೀರ್ಪು ತಡೆಯುವ ಅಧಿಕಾರ ಅವರಿಗಿಲ್ಲ. ಹೆಗಲ ಮೇಲೆ ಅದೇ ಸೇನೆಯ ಪಟ್ಟಿ. ಬ್ರಿಟನ್ 2006ರಲ್ಲಿ ಇವರಲ್ಲಿ 306 ಜನರಿಗೆ ಕ್ಷಮೆ ಕೊಟ್ಟಿತು. ಅಷ್ಟು ಹೊತ್ತಿಗೆ ಅವರ ಜೊತೆ ಆ ರಾತ್ರಿ ಕೂತಿದ್ದ ಪಾದ್ರಿಗಳೂ ಯಾರೂ ಉಳಿದಿರಲಿಲ್ಲ.

ಯುದ್ಧ ಮುಗಿಯಿತು. 1919ರಲ್ಲಿ ಪಾದ್ರಿಗಳ ಇಲಾಖೆಯ ಹೆಸರಿನ ಮುಂದೆ 'ರಾಯಲ್' ಸೇರಿತು. ಗ್ವಿನ್‌ಗೂ ಬಿರುದುಗಳು ಬಂದವು, ಇಂಗ್ಲೆಂಡಿನಲ್ಲೇ ಉಳಿದು ದೊಡ್ಡ ಬಿಷಪ್ ಆಗಬಹುದಿತ್ತು. ಅವರು ಸುಡಾನಿಗೆ ವಾಪಸ್ ಹೋದರು. 1920ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಸೇರಿಸಿ ಒಂದೇ ಪ್ರಾಂತ ಮಾಡಿ ಅವರನ್ನು ಅದರ ಬಿಷಪ್ ಮಾಡಿದರು. ಕೈರೋದಲ್ಲಿ ನೆಲೆಸಿದರು. 1938ರಲ್ಲಿ ನೈಲ್ ದಡದಲ್ಲಿ ಹೊಸ ಕ್ಯಾಥೆಡ್ರಲ್ ಎದ್ದು ನಿಂತಿತು. ಪ್ರತಿಷ್ಠೆ ಮಾಡಲು ಯಾರ್ಕ್‌ನ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಬಂದಿದ್ದರು.

ಮರುವರ್ಷವೇ ಎರಡನೇ ಮಹಾಯುದ್ಧ. ಕೈರೋ ಸೇನೆಯ ದೊಡ್ಡ ನೆಲೆಯಾಯಿತು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಭಾರತ ಎಲ್ಲಾ ಕಡೆಯ ಸೈನಿಕರು ಬಂದರು. ಹೊಸ ಕ್ಯಾಥೆಡ್ರಲ್ ಸಮವಸ್ತ್ರದ ಹುಡುಗರಿಂದ ತುಂಬಿಹೋಗುತ್ತಿತ್ತು. 1942ರಲ್ಲಿ ಜರ್ಮನ್ ಸೇನಾನಿ ರೊಮ್ಮೆಲ್‌ನ ಸೈನ್ಯ ಈಜಿಪ್ಟಿನ ಎಲ್ ಅಲಮೇನ್‌ವರೆಗೂ ಬಂದು ಕೈರೋದಲ್ಲಿ ಗಾಬರಿ ಎದ್ದಾಗ ಗ್ವಿನ್‌ಗೆ 79. ಆಗಲೂ ಅವರೇ ಅಲ್ಲಿನ ಬಿಷಪ್. 1914ರಲ್ಲಿ ಕಂಡಿದ್ದ ಹುಡುಗರ ಮಕ್ಕಳ ವಯಸ್ಸಿನವರು ಈಗ ಅವರ ಮುಂದೆ ಸಾಲಾಗಿ ಮೊಣಕಾಲೂರುತ್ತಿದ್ದರು.

1946ರಲ್ಲಿ ನಿವೃತ್ತಿ. 1957ರ ಡಿಸೆಂಬರಿನಲ್ಲಿ, 94ನೇ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಅವರು ಕಟ್ಟಿಸಿದ ಎರಡು ಕ್ಯಾಥೆಡ್ರಲ್‌ಗಳೂ ಉಳಿಯಲಿಲ್ಲ. ಖಾರ್ಟೂಮಿನದನ್ನು 1971ರಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಂಡಿತು, ಆಮೇಲೆ ಅದು ಅರಮನೆಯ ಮ್ಯೂಸಿಯಂ ಆಯಿತು. ಕೈರೋದ್ದನ್ನು 1978ರಲ್ಲಿ ಅಕ್ಟೋಬರ್ 6 ಸೇತುವೆಗೆ ದಾರಿ ಮಾಡಲು ಕೆಡವಿದರು. ಅವರ ಹೆಸರು ಉಳಿದಿರುವುದು ದಕ್ಷಿಣ ಸುಡಾನಿನಲ್ಲಿ. ಮುಂದ್ರಿ ಎಂಬಲ್ಲಿ 1940ರ ದಶಕದಲ್ಲಿ ಶುರುವಾದ ಪಾದ್ರಿಗಳ ಕಾಲೇಜಿಗೆ ಬಿಷಪ್ ಗ್ವಿನ್ ಕಾಲೇಜ್ ಅಂತ ಹೆಸರಿಟ್ಟರು. ಅಂತರ್ಯುದ್ಧದಲ್ಲಿ ಅದು ಮುಚ್ಚಿತು, ಜಾಗ ಬದಲಿಸಿತು, ಮತ್ತೆ ತೆರೆಯಿತು. ಈಗ ಇರುವುದು ಜೂಬಾದಲ್ಲಿ. ದಕ್ಷಿಣ ಸುಡಾನಿನ ತರುಣರು ಅಲ್ಲಿ ಪಾದ್ರಿಗಳಾಗಲು ಓದುತ್ತಾರೆ. ಅವರ ನಾಡೂ ಯುದ್ಧ ಕಂಡದ್ದೇ, ಅವರ ಊರುಗಳಲ್ಲೂ ಹೆಸರಿಲ್ಲದ ಗೋರಿಗಳಿವೆ.